ಯಲಚೇನಹಳ್ಳಿಯ ಪ್ಲಾಸ್ಟಿಕ್ ಉದ್ಯಮ: ಒಂದು ಚಾರಿತ್ರಿಕ ಸಮೀಕ್ಷೆ

ಬೆಂಗಳೂರಿನ ಕೈಗಾರಿಕಾ ಚರಿತ್ರೆಯನ್ನು ಬರೆಯಹೊರಟವರು ೧೯೪೦ರ ವಿಮಾನ ಕಾರ್ಖಾನೆಯಿಂದ ಮೊದಲುಗೊಂಡು, ೧೯೪೮ರ ದೂರವಾಣಿ ಕಾರ್ಖಾನೆ, ೧೯೫೩ರ ಯಂತ್ರೋಪಕರಣ ಕಾರ್ಖಾನೆ, ೧೯೫೪ರ ಭಾರತ್ ಎಲೆಕ್ಟ್ರಾನಿಕ್ಸ್ ಎಂಬ ಕ್ರಮದಲ್ಲಿ ಸಾಗುವುದು ವಾಡಿಕೆಯಾಗಿದೆ. ಈ ಬೃಹದುದ್ಯಮಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇವುಗಳ ನೆರಳಿನಲ್ಲಿ, ಅಣ್ಣತಮ್ಮಂದಿರೂ ತಂದೆಮಕ್ಕಳೂ ಕೂಡಿ ನಡೆಸಿಕೊಂಡು ಬಂದ ಸಣ್ಣ ಕಾರ್ಖಾನೆಗಳ ಕಥೆಯನ್ನು ನಮ್ಮ ಚರಿತ್ರಕಾರರು ಬಹುಮಟ್ಟಿಗೆ ಬದಿಗಿರಿಸಿದ್ದಾರೆ. ದಕ್ಷಿಣ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ, ಜಯಪ್ರಕಾಶ ನಾರಾಯಣ ನಗರಕ್ಕೆ ಹೊಂದಿಕೊಂಡಿರುವ ಯಲಚೇನಹಳ್ಳಿಯ ಅಂಥ ಒಂದು ಉದ್ಯಮವನ್ನು ಪ್ರಕೃತ ಪ್ರಬಂಧದಲ್ಲಿ ಪರಿಶೀಲಿಸುತ್ತೇವೆ. ತಯಾರಾದ ಸರಕು ಕಾರ್ಖಾನೆಯ ಬಾಗಿಲನ್ನು ದಾಟಿದೊಡನೆ ತಯಾರಕನ ಹೊಣೆ ತೀರಿತೇ ಎಂಬ ಪ್ರಶ್ನೆಗೆ ಈ ಉದ್ಯಮದ ಚರಿತ್ರೆ ಒಂದು ಉತ್ತರವನ್ನು ಕೊಡುತ್ತದೆಂಬುದೇ ನಮ್ಮ ಆಯ್ಕೆಗೆ ಕಾರಣ.

ಮೊದಲು ಕಚ್ಚಾ ಸಾಮಗ್ರಿಯ ವಿಷಯ. ಪಾಲಿಥೀನನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಕಂಡುಕೊಂಡದ್ದು ೧೯೩೩ರಲ್ಲಿ. ನಮ್ಮ ದೇಶದಲ್ಲಿ ಪಾಲಿಸ್ಟೈರೀನಿನ ತಯಾರಿಕೆ ೧೯೫೭ರಲ್ಲಿಯೂ, ಪಾಲಿಥೀನಿನ ತಯಾರಿಕೆ ೧೯೫೯ರಲ್ಲಿಯೂ ಆರಂಭವಾದುವು. ೧೯೬೯ರಲ್ಲಿ ಸರ್ಕಾರವೇ ಬಡೋದೆಯ ಬಳಿ ಪೆಟ್ರೋರಸಾಯನ ನಿಗಮವನ್ನು ಸ್ಥಾಪಿಸಿತು. ಹೀಗೆ ಮೂಲವಸ್ತುವಿನ ತಯಾರಿಕೆ ದೊಡ್ಡ ಬಂಡವಾಳದ ಕೈಯಲ್ಲಿ ಉಳಿಯಿತು. ಅದರಿಂದ ಬಳಕೆಯ ಸರಕನ್ನು ಮಾಡುವ ಕೆಲಸಕ್ಕಾದರೋ ಅಷ್ಟು ದೊಡ್ಡ ಬಂಡವಾಳ ಬೇಕಾಗಿರಲಿಲ್ಲ. ಹರಳುಗಳನ್ನು ಕಾಯಿಸಿ ಕರಗಿಸಿ, ಗಾಳಿಯೂದಿ ಕೊಳವೆಯಂತೆ ಉಬ್ಬಿಸಿ, ತಣ್ಣಗಾದ ತೆಳು ಹಾಳೆಯನ್ನು ಕತ್ತರಿಸಿ ಅಂಚು ಬೆಸೆದರೆ ಚೀಲ ಸಿದ್ಧ. ಒಂದೆರಡು ಯಂತ್ರ, ಒಂದು ಕೊಟ್ಟಿಗೆ, ವಿದ್ಯುತ್ತಿನ ಸಂಪರ್ಕ, ನಂಬಿಕೆಯ ಕೆಲವು ಮಂದಿ ಇದ್ದರೆ ಕೆಲಸ ಸಾಗುತ್ತಿತ್ತು. ೧೯೬೭ರಲ್ಲಿ ೪೭ ಸರಕುಗಳಿಂದ ಮೊದಲಾಗಿ ಮುಂದೆ ವಿಸ್ತಾರಗೊಂಡ ಸಣ್ಣ ಕೈಗಾರಿಕೆಗಳ ಮೀಸಲಾತಿ ನೀತಿಯೂ, ಅದಕ್ಕೆ ಮೊದಲೇ ೧೯೫೯ರಲ್ಲಿ ಹುಟ್ಟಿದ ರಾಜ್ಯ ಹಣಕಾಸು ನಿಗಮದಂಥ ಸಂಸ್ಥೆಗಳೂ ಇಂಥವರಿಗೆ ಅನುಕೂಲವಾಗಿದ್ದುವು. ಪ್ಲಾಸ್ಟಿಕ್ ಉದ್ಯಮವು ಕುಟುಂಬಗಳ ಉದ್ಯಮವಾಗಿ ಬೆಳೆದದ್ದು ಆಕಸ್ಮಿಕವೇನೂ ಅಲ್ಲ.

ಕೆ. ಅಹಮದ್ ಖಾನ್ ಮತ್ತು ಕೆ. ರಸೂಲ್ ಖಾನ್ ಎಂಬ ಸಹೋದರರ ಕೆ. ಕೆ. ಪಾಲಿಫ್ಲೆಕ್ಸ್ ಸಂಸ್ಥೆ ಈ ಸಾಲಿಗೆ ಸೇರಿದ್ದು. ೧೯೮೦ರ ದಶಕದಿಂದ ಇವರು ಪ್ಲಾಸ್ಟಿಕ್ ಚೀಲಗಳನ್ನು ತಯಾರಿಸುತ್ತ ಬಂದರು. ಅದು ಚೀಲಕ್ಕೆ ಒಳ್ಳೆಯ ಕಾಲ. ಬಟ್ಟೆಯ ಕೈಚೀಲವನ್ನು ಮನೆಯಲ್ಲಿಯೇ ಬಿಟ್ಟು ಅಂಗಡಿಗೆ ಹೋಗುವ ಅಭ್ಯಾಸ ನಗರವಾಸಿಗಳಲ್ಲಿ ಬೇರೂರುತ್ತಿತ್ತು. ಕಾಗದದ ಪೊಟ್ಟಣ, ಬಾಳೆಲೆ, ಮುತ್ತುಗದೆಲೆಗಳ ಸ್ಥಾನವನ್ನು ‘ಕವರು’ ಆಕ್ರಮಿಸಿತು. ಹಗುರ, ಅಗ್ಗ, ನೀರಿಗೆ ಜಗ್ಗದು. ಚೀಲದ ಗುಣಗಳಾಗಿ ಪರಿಗಣಿತವಾದ ಇವೇ ಮುಂದೆ ಅದರ ದೋಷಗಳಾಗಿ ಪರಿಣಮಿಸಿದುವು. ಹಗುರವಾದ್ದರಿಂದ ಗಾಳಿಗೆ ಹಾರಿ ಚರಂಡಿ ಸೇರಿತು. ಅಗ್ಗವಾದ್ದರಿಂದ ಅದನ್ನು ಯಾರೂ ಕೂಡಿಡಲಿಲ್ಲ. ನೀರಿಗೆ ಜಗ್ಗದ್ದರಿಂದ ಕೊಳೆಯಲಿಲ್ಲ. ಮಳೆ ಬಂದಾಗ ಮೋರಿಗಳು ಕಟ್ಟಿಕೊಂಡುವು, ಬೀದಿಯ ದನಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಉಂಡೆಗಳು ಸಿಕ್ಕವು. ೧೯೯೦ರ ದಶಕದಲ್ಲಿ ದೇಶದಾದ್ಯಂತ ಚೀಲದ ವಿರುದ್ಧ ಕೂಗೆದ್ದು, ೧೯೯೯ರಲ್ಲಿ ಕೇಂದ್ರ ಸರ್ಕಾರವು ೨೦ ಮೈಕ್ರಾನಿಗಿಂತ ತೆಳುವಾದ ಚೀಲಗಳನ್ನು ನಿಷೇಧಿಸುವ ನಿಯಮಗಳನ್ನು ಹೊರಡಿಸಿತು.

ಈ ಘಟ್ಟದಲ್ಲಿ ಚೀಲ ತಯಾರಕನಿಗೆ ಕೆಲವು ದಾರಿಗಳಿದ್ದುವು. ನಿಯಮಗಳನ್ನು ವಿರೋಧಿಸಬಹುದಾಗಿತ್ತು, ಬೇರೊಂದು ಸರಕಿಗೆ ತಿರುಗಬಹುದಾಗಿತ್ತು, ಬಳಸಿ ಬಿಸಾಡುವವನೇ ತಪ್ಪಿತಸ್ಥನೆಂದು ಹೇಳಿ ಸುಮ್ಮನಿರಬಹುದಾಗಿತ್ತು. ಖಾನ್ ಸಹೋದರರು ಹಿಡಿದದ್ದು ಬೇರೆ ದಾರಿ. ಪ್ಲಾಸ್ಟಿಕ್ಕೂ ಡಾಂಬರೂ ಎರಡೂ ಪೆಟ್ರೋಲಿಯಮ್ಮಿನ ಸಂತಾನಗಳೇ. ಹಾಗಾದಲ್ಲಿ ಒಂದನ್ನು ಇನ್ನೊಂದರೊಡನೆ ಬೆರೆಸಲಾಗದೇಕೆ? ಬಳಸಿ ಎಸೆದ ಚೀಲಗಳನ್ನು ಆಯ್ದು, ಶುಚಿಗೊಳಿಸಿ, ಸಣ್ಣಗೆ ಚೂರು ಮಾಡಿ ಡಾಂಬರಿಗೆ ಸೇರಿಸುವ ಪದಾರ್ಥವೊಂದನ್ನು ಅವರು ಸಿದ್ಧಪಡಿಸಿ ಅದನ್ನು ಪಾಲಿಬ್ಲೆಂಡ್ ಎಂದು ಕರೆದರು. ಇದರಲ್ಲಿ ಧರ್ಮಬುದ್ಧಿಯೆಷ್ಟು, ವ್ಯಾಪಾರಬುದ್ಧಿಯೆಷ್ಟು ಎಂದು ತೂಗುವುದು ಚರಿತ್ರಕಾರನ ಕೆಲಸವಲ್ಲ. ಉದ್ಯಮಕ್ಕೆ ಕುತ್ತು ಬಂದಾಗ ಇವೆರಡೂ ಒಂದೇ ದಿಕ್ಕಿನಲ್ಲಿ ಎಳೆದುವೆಂಬುದನ್ನು ಗುರುತಿಸಿದರೆ ಸಾಕು.

ಕಾರ್ಖಾನೆಯಲ್ಲಿ ಹುಟ್ಟಿದ ಊಹೆಗೆ ಪ್ರಮಾಣ ದೊರೆತದ್ದು ವಿಶ್ವವಿದ್ಯಾನಿಲಯದಲ್ಲಿ. ಬೆಂಗಳೂರು ವಿಶ್ವವಿದ್ಯಾನಿಲಯದ ಸಾರಿಗೆ ಎಂಜಿನಿಯರಿಂಗ್ ಕೇಂದ್ರದ ಪ್ರಾಧ್ಯಾಪಕರಾದ ಸಿ. ಇ. ಜಿ. ಜಸ್ಟೋ ಮತ್ತು ಎ. ವೀರರಾಘವನ್ ಅವರು ಡಾಂಬರಿಗೆ ಅದರ ತೂಕದ ಶೇಕಡ ೧೨ರವರೆಗೆ ವಿವಿಧ ಪ್ರಮಾಣಗಳಲ್ಲಿ ಈ ಸಂಸ್ಕರಿತ ಪ್ಲಾಸ್ಟಿಕ್ಕನ್ನು ಬೆರೆಸಿ ಪರೀಕ್ಷಿಸಿ ೨೦೦೨ರಲ್ಲಿ ವರದಿಯನ್ನು ಪ್ರಕಟಿಸಿದರು. ಪ್ಲಾಸ್ಟಿಕ್ ಬೆರೆತಂತೆಲ್ಲ ಡಾಂಬರು ಮೆತ್ತಗಾಗುವ ಉಷ್ಣಾಂಶ ಏರುವುದೆಂದೂ, ಜಲ್ಲಿಯೊಡನೆ ಸೇರಿದ ಮಿಶ್ರಣದ ದೃಢತೆ ಹೆಚ್ಚುವುದೆಂದೂ, ನೀರಿನಲ್ಲಿ ನೆನೆದ ಬಳಿಕವೂ ಅದು ಹೆಚ್ಚು ಬಾಳುವುದೆಂದೂ, ಶೇಕಡ ೮ರ ಪ್ರಮಾಣವೇ ಉಚಿತವೆಂದೂ ಅವರು ಕಂಡುಕೊಂಡರು. ಬಿಸಿಲಿಗೆ ಕರಗಿ ಮಳೆಗೆ ಕಿತ್ತುಬರುವ ರಸ್ತೆಗಳ ನಗರದಲ್ಲಿ ಈ ಫಲಿತಾಂಶದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅದೇ ವರ್ಷದ ಸುಮಾರಿಗೆ ಮಹಾನಗರ ಪಾಲಿಕೆಯ ಸಹಕಾರದಿಂದ ನಗರದ ಕೆಲವು ರಸ್ತೆಗಳಿಗೆ ಈ ಮಿಶ್ರಣವನ್ನು ಹಾಸಲಾಯಿತು. ಹೊಸ ಕೆಲಸಕ್ಕಾಗಿ ಕೆ. ಕೆ. ಪ್ಲಾಸ್ಟಿಕ್ ವೇಸ್ಟ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಯೂ ರೂಪುಗೊಂಡಿತು.

ಪ್ರಮಾಣದ ಕಲ್ಪನೆಗಾಗಿ ವಾಚಕರು ನಮ್ಮೊಡನೆ ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ೩.೭೫ ಮೀಟರು ಅಗಲದ ಒಂದು ಕಿಲೋಮೀಟರು ರಸ್ತೆಗೆ ೨೫ ಮಿಲಿಮೀಟರು ದಪ್ಪದ ಪದರವನ್ನು ಹಾಸಿದರೆ, ಮಿಶ್ರಣದ ತೂಕ ಸುಮಾರು ೨೧೫ ಟನ್ನು. ಅದರಲ್ಲಿ ಡಾಂಬರು ಶೇಕಡ ೫ ಎಂದಿಟ್ಟುಕೊಂಡರೆ ೧೦.೭೫ ಟನ್ನು, ಅದರ ಶೇಕಡ ೮ರಂತೆ ಪ್ಲಾಸ್ಟಿಕ್ಕು ಸುಮಾರು ೮೬೦ ಕಿಲೋಗ್ರಾಂ. ಐದು ಗ್ರಾಂ ತೂಕದ ಚೀಲಗಳಾದರೆ ಒಂದು ಲಕ್ಷ ಎಪ್ಪತ್ತೆರಡು ಸಾವಿರ ಚೀಲಗಳು ಒಂದೇ ಕಿಲೋಮೀಟರಿನಲ್ಲಿ ಅಡಗುತ್ತವೆ.

ಇದರ ಆರ್ಥಿಕ ಪರಿಣಾಮ ರಸ್ತೆಗೆ ಸೀಮಿತವಾಗಲಿಲ್ಲ. ಹಳೆಯ ಬಾಟಲಿ, ಕಬ್ಬಿಣ, ರದ್ದಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿತ್ತು; ಕೊಳೆಯಾದ ತೆಳು ಚೀಲಕ್ಕೆ ಇರಲಿಲ್ಲ. ಕಿಲೋಗ್ರಾಮಿಗೆ ೪೦ ಪೈಸೆಯಷ್ಟು ಸಿಗುತ್ತಿದ್ದಲ್ಲಿ ಖಾನರು ೬ ರೂಪಾಯಿ ಕೊಡತೊಡಗಿದರೆಂದು ಅಂದಿನ ವರದಿಗಳು ತಿಳಿಸುತ್ತವೆ. ಚಿಂದಿ ಆಯುವವರ ಕೈಗೆ ಹದಿನೈದು ಪಟ್ಟು ಹೆಚ್ಚು ಹಣ ಬಂದಿತೆಂಬುದೇ ಇದರ ಅರ್ಥ. ಕಸವನ್ನು ಎತ್ತುವಂತೆ ಮಾಡಿದ್ದು ಉಪದೇಶವಲ್ಲ, ಬೆಲೆ. ಚೀಲದ ಯುಗದ ಚರಿತ್ರೆಯಲ್ಲಿ ಈ ಅಂಶಕ್ಕೆ ಪ್ರಧಾನವಾದ ಸ್ಥಾನವಿರಬೇಕೆಂದು ನಮ್ಮ ಅಭಿಪ್ರಾಯ.

ಇದೇ ಕಾಲದಲ್ಲಿ ಮಧುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರೂ ಇದೇ ಗುರಿಯತ್ತ ಸಾಗುತ್ತಿದ್ದರು. ಕಾಯಿಸಿದ ಜಲ್ಲಿಗೇ ಮೊದಲು ಪ್ಲಾಸ್ಟಿಕ್ಕಿನ ಲೇಪ ಕೊಟ್ಟು ಆಮೇಲೆ ಡಾಂಬರು ಸೇರಿಸುವುದು ಅವರ ವಿಧಾನ. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಒಂದೆಡೆ ಕಾಲೇಜಿನ ಪ್ರಯೋಗಶಾಲೆಯಿಂದ ಬೀದಿಗೆ, ಇನ್ನೊಂದೆಡೆ ಕಾರ್ಖಾನೆಯಿಂದ ಪ್ರಯೋಗಶಾಲೆಯ ಮೂಲಕ ಬೀದಿಗೆ: ಎರಡೂ ದಾರಿಗಳು ಕೂಡಿದ ಫಲವಾಗಿ ೨೦೧೩ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸು ಈ ಬಗೆಯ ರಸ್ತೆಗಳಿಗೆ ಮಾರ್ಗಸೂಚಿಗಳನ್ನು ಪ್ರಕಟಿಸಿತು. ೨೦೧೫ರಲ್ಲಿ ಕೇಂದ್ರ ಸರ್ಕಾರವು ದೊಡ್ಡ ನಗರಗಳ ಸಮೀಪದ ಹೆದ್ದಾರಿಗಳಲ್ಲಿ ಇದನ್ನು ಬಳಸುವಂತೆ ಸೂಚಿಸಿತು.

ಇಷ್ಟರಿಂದಲೇ ಸಮಸ್ಯೆ ಬಗೆಹರಿಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ನಮ್ಮ ಲೆಕ್ಕದ ಪ್ರಕಾರ ನೂರು ಕಿಲೋಮೀಟರು ರಸ್ತೆಗೆ ಹಿಡಿಯುವುದು ೮೬ ಟನ್ನು ಪ್ಲಾಸ್ಟಿಕ್ಕು ಮಾತ್ರ. ಬೆಂಗಳೂರಿನಲ್ಲಿ ಒಂದು ದಿನಕ್ಕೆ ಏಳುವ ಒಟ್ಟು ಕಸವೋ ಹಲವು ಸಾವಿರ ಟನ್ನು. ಎಲ್ಲ ಪ್ಲಾಸ್ಟಿಕ್ಕೂ ಇದಕ್ಕೆ ಒದಗುವುದಿಲ್ಲ. ಪಿ.ವಿ.ಸಿ. ಯನ್ನು ಕಾಯಿಸಿದರೆ ವಿಷಾನಿಲ ಹೊರಡುವುದರಿಂದ ಅದನ್ನು ದೂರವಿಡಲೇಬೇಕು. ಸವೆದ ರಸ್ತೆಯಿಂದ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ನೀರು, ಮಣ್ಣುಗಳನ್ನು ಸೇರಬಹುದೆಂಬ ಶಂಕೆಯನ್ನು ಈಚಿನ ವಿಜ್ಞಾನಿಗಳು ಎತ್ತಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಚೀಲವನ್ನು ಕೊಳ್ಳುವವರು ಲಕ್ಷಾಂತರ ಮಂದಿ. ರಸ್ತೆಯ ಸಾಮಗ್ರಿಯನ್ನು ಕೊಳ್ಳುವುದು ಸರ್ಕಾರ ಮತ್ತು ನಗರಸಭೆಗಳು ಮಾತ್ರ. ಟೆಂಡರಿನಲ್ಲಿ ಒಂದು ಷರತ್ತು ಸೇರಿದರೆ ಬೇಡಿಕೆಯುಂಟು, ಬಿಟ್ಟುಹೋದರೆ ಇಲ್ಲ. ಮಳೆಗಾಲದಲ್ಲಿ ಡಾಂಬರಿನ ಕೆಲಸ ನಿಂತರೂ ಕಸ ಬರುವುದು ನಿಲ್ಲದು.

ಸರ್ಕಾರವು ಈ ನಡುವೆ ಮತ್ತೊಂದು ತುದಿಯಿಂದಲೂ ಕೈಯಿಕ್ಕಿತು. ಚೀಲದ ಕನಿಷ್ಠ ದಪ್ಪವನ್ನು ೨೦೧೧ರಲ್ಲಿ ೪೦, ೨೦೧೬ರಲ್ಲಿ ೫೦, ೨೦೨೧ರಲ್ಲಿ ೭೫, ೨೦೨೨ರ ಕೊನೆಗೆ ೧೨೦ ಮೈಕ್ರಾನುಗಳಿಗೆ ಏರಿಸಲಾಯಿತು. ಕರ್ನಾಟಕವು ೨೦೧೬ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಮೀಸಲಾತಿಯಿಂದ ಪೋಷಿತವಾದ ಸರಕನ್ನು ಐವತ್ತು ವರ್ಷಗಳ ಒಳಗೆ ಕಾನೂನೇ ಹೊರದೂಡಿತು. ಅಂದು ಊರ ಹೊರಗಿದ್ದ ಯಲಚೇನಹಳ್ಳಿಗೆ ೨೦೧೭ರ ಜೂನಿನಲ್ಲಿ ಮೆಟ್ರೋ ರೈಲು ಬಂದು, ಅದು ನಗರದ ಒಳಭಾಗವೇ ಆಯಿತು.

ಮೇಲಿನ ಸಮೀಕ್ಷೆಯಿಂದ ನಾವು ತಳೆಯುವ ನಿರ್ಣಯ ಇದು. ತನ್ನ ಸರಕಿನ ಅಂತ್ಯಗತಿಯನ್ನು ತಯಾರಕನು ತಾನೇ ಹೊರಬಲ್ಲನೆಂಬುದಕ್ಕೆ ಖಾನ್ ಸಹೋದರರ ಉದ್ಯಮ ಸಾಕ್ಷಿ. ಆದರೆ ಆ ಹೊಣೆ ಒಂದು ಕುಟುಂಬದ ಸಂಕಲ್ಪದಿಂದ ಮಾತ್ರ ನಿಲ್ಲಲಾರದು. ಪರೀಕ್ಷಿಸುವ ವಿಶ್ವವಿದ್ಯಾನಿಲಯ, ಆಯ್ದು ತರುವ ಶ್ರಮಿಕ, ತಪ್ಪದೆ ಕೊಳ್ಳುವ ನಗರಸಭೆ, ಈ ಮೂವರೂ ಅದರಲ್ಲಿ ಪಾಲುಗಾರರು. ಸಣ್ಣ ಉದ್ಯಮಗಳ ಚರಿತ್ರೆಯನ್ನು ಅವುಗಳ ಮಾಲೀಕರ ಜೀವನಚರಿತ್ರೆಯಾಗಿ ಮಾತ್ರ ಬರೆದರೆ ಈ ಪಾಲುಗಾರಿಕೆ ಮರೆಯಾಗುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಬಡಾವಣೆಯ ಹಳೆಯ ಕಾರ್ಖಾನೆಗಳ ಲೆಕ್ಕದ ಪುಸ್ತಕ, ಕೂಲಿ ಪಟ್ಟಿ, ಟೆಂಡರಿನ ಕಾಗದಗಳನ್ನು ರದ್ದಿಯ ತಕ್ಕಡಿಗೆ ಹೋಗುವ ಮುನ್ನ ಸಂಗ್ರಹಿಸಿದರೆ, ಬೆಂಗಳೂರಿನ ಈ ಅಧ್ಯಾಯವನ್ನು ಯಥೋಚಿತವಾಗಿ ಬರೆಯಲು ಸಾಧ್ಯವಾದೀತು.