ಮಾವನ ಗತ್ತು, ಅಪ್ಪನ ಮೌನ

ನಮ್ಮ ಕಡೆಯ ಹಳೆಯ ತರವಾಡು ಮನೆಗಳ ಚಾವಡಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಗಂಡಸರ ಫೋಟೋ ಇರುತ್ತದೆ. ಹೆಗಲಿಗೆ ಶಾಲು, ಬಿಗಿದ ತುಟಿ. ಯಾರೆಂದು ಕೇಳಿದರೆ 'ದೊಡ್ಡಮಾವ', 'ಅಜ್ಜಿಯ ಅಣ್ಣ' ಎಂಬ ಉತ್ತರ ಬರುತ್ತದೆ. ಆ ಸಾಲಿನಲ್ಲಿ ಅಪ್ಪಂದಿರು ವಿರಳ. ಅಪ್ಪ ಬೇರೊಂದು ತರವಾಡಿನವನು. ಅವನ ಫೋಟೋ ಇದ್ದರೆ ಅವನ ಸೋದರಳಿಯಂದಿರ ಮನೆಯಲ್ಲಿ.

ಗಂಡಸೆಂದರೆ ಹೇಗಿರಬೇಕು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರದ ಚರಿತ್ರೆ ಈ ಗೋಡೆಯಲ್ಲಿದೆ. ಬಂಟರು, ಬಿಲ್ಲವರು, ಮೊಗವೀರರು ಅಳಿಯಸಂತಾನದವರು. ನಾಯರು, ಉತ್ತರ ಮಲಬಾರಿನ ತೀಯರು ಮರುಮಕ್ಕತ್ತಾಯದವರು. ಹೆಸರು ಬೇರೆ, ಭಾಷೆ ಬೇರೆ, ಕಟ್ಟು ಹೆಚ್ಚುಕಡಿಮೆ ಒಂದೇ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿ ಮಾವನಿಂದ ಅಳಿಯನಿಗೆ. ನಮ್ಮಲ್ಲಿ ಯಜಮಾನ, ಅವರಲ್ಲಿ ಕಾರಣವರ್. ಅಳಿಯಸಂತಾನದಲ್ಲಿ ಹಿರಿಯ ಹೆಂಗಸೂ ಯಜಮಾನ್ತಿಯಾಗಬಹುದಿತ್ತು ಎಂಬುದೊಂದು ವಿಶೇಷ.

ಈ ಕಟ್ಟಿನ ಮೂಲಕ್ಕೆ ಭೂತಾಳಪಾಂಡ್ಯನ ಕಥೆ ಹೇಳುವುದುಂಟು. ಹಡಗು ಕಡಲಿಗಿಳಿಯಬೇಕಾದರೆ ಮಗನನ್ನು ಬಲಿ ಕೊಡು ಎಂದು ಕುಂಡೋದರನೆಂಬ ಭೂತ ದೇವಪಾಂಡ್ಯನನ್ನು ಕೇಳಿತಂತೆ. ಹೆಂಡತಿ ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅಂದಿನಿಂದ ಅಳಿಯನಿಗೇ ಹಕ್ಕು. ಇದು ಐತಿಹ್ಯ, ಚರಿತ್ರೆಯಲ್ಲ. ಆದರೂ ಕಥೆಯಲ್ಲಿ ಒಂದನ್ನು ಗಮನಿಸಬೇಕು. ಹೆಂಡತಿ ಏನೆಂದಳು, ತಂಗಿ ಏನೆಂದಳು ಎಂಬುದು ಅದರಲ್ಲಿದೆ. ಮಗನನ್ನು ಕೊಡು ಎಂದಾಗ ಆ ತಂದೆಯ ಎದೆಯಲ್ಲಿ ಏನಾಯಿತು ಎಂದು ಕೇಳಿದವರಿಲ್ಲ.

ನನ್ನ ಅಜ್ಜ ಒಂಬತ್ತು ವರ್ಷದವರಿದ್ದಾಗ ಅವರ ಅಪ್ಪ ತೀರಿಕೊಂಡರು. ಆ ಕಾಲದ ರೂಢಿಯಂತೆ ಹೆಂಡತಿ ಮಕ್ಕಳು ಇದ್ದುದು ಗಂಡನ ತರವಾಡಿನಲ್ಲಿ. ಆದರೆ ಆ ಮನೆಯ ಮೇಲೆ ಅವರಿಗೆ ಹಕ್ಕಿರಲಿಲ್ಲ. ಬೊಜ್ಜ ಮುಗಿದ ಮೇಲೆ ತಾಯಿ ಮಕ್ಕಳು ಗಂಟು ಕಟ್ಟಿ ತಾಯಿಯ ಮನೆಗೆ ಹೊರಟರು. ಉತ್ತರ ಮಲಬಾರಿನ ಹಲವು ತರವಾಡುಗಳಲ್ಲೂ ವಿಧವೆಯ ಪಾಡು ಇದೇ ಆಗಿತ್ತು. ಅಂಗಳ ದಾಟುವಾಗ ಹೊಸ ಯಜಮಾನ, ಅಂದರೆ ಅಪ್ಪನ ಸೋದರಳಿಯ, ಅಪ್ಪನ ಮುಟ್ಟಾಳೆಯನ್ನು ತಂದು ಹುಡುಗನ ಕೈಗಿತ್ತನಂತೆ. ಇಬ್ಬರೂ ಮಾತಾಡಲಿಲ್ಲ. ಎಂಬತ್ತು ದಾಟಿದ ಮೇಲೆ ಅಜ್ಜ ಇದನ್ನು ಒಮ್ಮೆ ಹೇಳಿದರು. ಹೇಳುವಾಗ ಅತ್ತರು. ಅಜ್ಜ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತಾಯಿಯ ಮನೆಯಲ್ಲಿ ಅಜ್ಜನನ್ನು ಸಾಕಿದವರು ಮಾವ. ಉಳುಮೆ ಕಲಿಸಿದರು, ಶಾಲೆಗೆ ಕಳುಹಿಸಿದರು. ತಾನು ಹೆರದ ಮಕ್ಕಳನ್ನು ತನ್ನವರೆಂದು ಬೆಳೆಸಿದ ಆ ಗಂಡಸರ ದೊಡ್ಡತನವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಾವ ಬಂದರೆ ಜಗಲಿಯಿಂದ ಎದ್ದು ನಿಲ್ಲಬೇಕಿತ್ತು. ಹತ್ತಾರು ಜನರ ಕುಟುಂಬವನ್ನು ಒಡೆಯದೆ ನಡೆಸಬೇಕಾದವನು ಯಾರ ಮೇಲೂ ಮಮತೆ ತೋರಿಸುವಂತಿರಲಿಲ್ಲ. ತನ್ನ ಸ್ವಂತ ಮಕ್ಕಳ ಮೇಲಂತೂ ಸಲ್ಲದು. ತೋರಿಸಿದರೆ ತರವಾಡಿನ ಅಕ್ಕಿ ಹೆಂಡತಿಯ ಮನೆಗೆ ಹೋಯಿತು ಎಂಬ ಅಪವಾದ. ಆಸ್ತಿ ಕಾಯುವುದಕ್ಕಾಗಿ ಹುಟ್ಟಿದ ಗತ್ತು ಕ್ರಮೇಣ ಗಂಡಸಿನ ಗುಣವೆಂದೇ ಹೆಸರಾಯಿತು.

ಈ ಕಟ್ಟಿನೊಳಗಿನ ಬೇಗೆ ಮೊದಲು ಹೊರಬಿದ್ದುದು ಮಲೆಯಾಳದಲ್ಲಿ. 1889ರಲ್ಲಿ ಒ. ಚಂದು ಮೇನೋನರ 'ಇಂದುಲೇಖಾ' ಬಂತು. ಅದರಲ್ಲಿ ಕಲಿತ ಯುವಕ ಮಾಧವನು ಕಾರಣವರಿಗೆ ಎದುರು ಮಾತಾಡುತ್ತಾನೆ. ಮರುವರ್ಷ ಸಿ. ಶಂಕರನ್ ನಾಯರ್ ಮದ್ರಾಸಿನ ಶಾಸನಸಭೆಯಲ್ಲಿ ಮದುವೆಯ ಮಸೂದೆ ಮಂಡಿಸಿದರು. 1891ರ ಮಲಬಾರ್ ವಿವಾಹ ಆಯೋಗದಲ್ಲಿ ಚಂದು ಮೇನೋನರೂ ಸದಸ್ಯರು. ಸಂಬಂಧವೆಂಬುದು ಆಗಲೇ ಮದುವೆ, ಹೊಸ ಕಾನೂನು ಬೇಡ ಎಂದು ಅವರು ವಾದಿಸಿದರು. 1896ರಲ್ಲಿ ಕಾನೂನು ಬಂದರೂ ನೋಂದಾಯಿಸಿಕೊಂಡವರು ಬಹಳ ಕಡಿಮೆ. 1933ರ ಮದ್ರಾಸ್ ಮರುಮಕ್ಕತ್ತಾಯಂ ಕಾಯಿದೆ ಹೆಂಡತಿ ಮಕ್ಕಳ ಹೊಣೆಯನ್ನು ಗಂಡನಿಗೊಪ್ಪಿಸಿತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ 1949ರಲ್ಲಿ ಅಳಿಯಸಂತಾನ ಕಾಯಿದೆ ಬಂದು, ಕವರುಗಳಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ. ಅದೇ ವರ್ಷ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕೊನೆಗೆ ಕೇರಳದ 1975ರ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದು ಅವಿಭಕ್ತ ಕುಟುಂಬದ ಹಕ್ಕನ್ನೇ ರದ್ದುಗೊಳಿಸಿತು.

ಹೀಗೆ ಸುಮಾರು ತೊಂಬತ್ತು ವರ್ಷಗಳಲ್ಲಿ ಕಾನೂನು ಮಾವನ ಕೈಯಿಂದ ಮನೆಯನ್ನು ತೆಗೆದು ಅಪ್ಪನ ಕೈಗೆ ಕೊಟ್ಟಿತು. ನ್ಯಾಯವಾದದ್ದೇ. ಒಂಬತ್ತು ವರ್ಷದ ಹುಡುಗನೊಬ್ಬ ಇನ್ನು ಅಪ್ಪನ ಅಂಗಳದಿಂದ ಇಳಿದು ಹೋಗಬೇಕಾಗಿಲ್ಲ. ಆದರೆ ಅಪ್ಪ ಮನೆಯ ಜತೆಗೆ ಆ ಗತ್ತನ್ನೂ ಪಡೆದುಕೊಂಡ. ಮಾವನ ಬಿಗಿದ ತುಟಿ ಅಪ್ಪನ ಮುಖಕ್ಕೆ ಬಂತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಹೊರೆ ಈಗ ಒಬ್ಬನ ಮೇಲೆ. ಸಾಲ, ಬೆಳೆನಷ್ಟ, ಮಗಳ ಮದುವೆ, ಮಗನಿಗೆ ಕೆಲಸ ಸಿಗದ ಚಿಂತೆ ಯಾವುದನ್ನೂ ಆತ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಗಂಡಸುತನಕ್ಕೆ ಕುಂದು. ಹೇಳದ ಮಾತು ಸಿಟ್ಟಾಗಿಯೋ ಕುಡಿತವಾಗಿಯೋ ಹೊರಬರುವುದನ್ನು ನಾವು ನಮ್ಮ ನಮ್ಮ ಮನೆಗಳಲ್ಲೇ ಕಂಡಿದ್ದೇವೆ. ನನ್ನ ಅಪ್ಪನೂ ಹಾಗೆಯೇ ಇದ್ದರು. ಅವರಿಗೆ ಏನು ನೋವಿತ್ತು ಎಂದು ನಾನೂ ಕೇಳಲಿಲ್ಲ.

ಹಳೆಯ ಕಟ್ಟನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಅದರಲ್ಲಿ ಉಳಿಸಿಕೊಳ್ಳತಕ್ಕ ಒಂದು ಅಂಶವಿತ್ತು. ಒಂದು ಮಗುವಿಗೆ ಇಬ್ಬರು ಹಿರಿಯ ಗಂಡಸರ ಆಸರೆಯಿತ್ತು. ಅಕ್ಕತಂಗಿಯರ ಮಕ್ಕಳ ಸುಖದುಃಖ ಗಂಡಸಿನ ಕರ್ತವ್ಯವೇ ಆಗಿತ್ತು. ಇಂದಿಗೂ ಕೋಲಕ್ಕೆ, ತೆಯ್ಯಕ್ಕೆ ನಾವು ತರವಾಡಿನಲ್ಲಿ ಕೂಡುತ್ತೇವೆ. ಅಲ್ಲಿ ದೈವದ ಮುಂದೆ ಕೈಮುಗಿದು ಕಷ್ಟ ಹೇಳಿಕೊಳ್ಳಲು ಯಾವ ಗಂಡಸಿಗೂ ನಾಚಿಕೆಯಿಲ್ಲ. ಅದೇ ರಾತ್ರಿ ಪಕ್ಕದಲ್ಲಿ ಕುಳಿತ ಭಾವನೊಡನೆ, ಅಳಿಯನೊಡನೆ ಆ ಮಾತಿನ ಅರ್ಧವನ್ನಾದರೂ ಆಡಬಾರದೇಕೆ?

ಅಜ್ಜನ ಕೈಗೆ ಮುಟ್ಟಾಳೆ ಕೊಟ್ಟವನಿಗೆ ಮನಸ್ಸಿತ್ತು, ಮಾತಿರಲಿಲ್ಲ. ಆ ಮುಟ್ಟಾಳೆ ಹುಳ ಹಿಡಿದು ಎಂದೋ ಹೋಯಿತು. ನನ್ನ ಮಗನಿಗೆ ಈ ಕಥೆಯನ್ನು ಕಳೆದ ಕೋಲದ ರಾತ್ರಿ ಹೇಳಿದೆ. ನನ್ನ ಅಪ್ಪನನ್ನು ನಾನು ಕೇಳದೆ ಹೋದದ್ದನ್ನೂ ಹೇಳಿದೆ.