ಮಂಗಳೂರಿನ ಬೊಮ್ಮ, ಏಡನ್ ಬಂದರಿನ ಸಾಹುಕಾರರು

ಬೆಳಗೆದ್ದರೆ ಅಡಿಕೆ ರೇಟು ಎಷ್ಟಾಯಿತು ಎಂದು ನಾವೆಲ್ಲ ಮೊಬೈಲ್ ನೋಡುತ್ತೇವೆ. ಸುಮಾರು 900 ವರ್ಷದ ಹಿಂದೆಯೇ ಅಡಿಕೆ ಮಂಗಳೂರಿನಲ್ಲಿ ಹಡಗು ಹತ್ತಿ ಅರಬ್ಬೀ ಸಮುದ್ರದಾಚೆಯ ಏಡನ್ ಬಂದರಿಗೆ ಹೋಗುತ್ತಿತ್ತು. ಜೊತೆಗೆ ಕಾಳುಮೆಣಸು, ಏಲಕ್ಕಿ, ಕಬ್ಬಿಣ.

ಕಳಿಸುತ್ತಿದ್ದವನ ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟುನೀಶಿಯಾ ಕಡೆಯ ಯಹೂದಿ. 1132ರಲ್ಲಿ ಮಂಗಳೂರಿನಲ್ಲಿದ್ದ, 1149ರಲ್ಲಿ ಏಡನ್‌ಗೆ ಮರಳಿದ. ಇಲ್ಲಿ ಅವನದೊಂದು ಕಂಚಿನ ಕಾರ್ಖಾನೆ. ಏಡನ್ ಸ್ನೇಹಿತರು ಒಡೆದ ಪಾತ್ರೆ ಕಳಿಸಿ, ಇಂಥ ಆಕಾರದ್ದು ಹೊಸದು ಮಾಡಿಸಿ ಕಳಿಸು ಎನ್ನುತ್ತಿದ್ದರು. ಪತ್ರದ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕೆಲಸಗಾರರಲ್ಲಿ ನಮ್ಮ ಕಡೆಯವರೂ ಇದ್ದರು. ಹೇಳಿದ್ದು ಅವರಿಗೆ ಅರ್ಥವಾಗದೆ ಅಳತೆ ತಪ್ಪಿತೋ, ಸರಿಮಾಡಲು ಮತ್ತೆ ಗಾಳಿಯ ಕಾಲ ಬರುವತನಕ ಕಾಯಬೇಕು.

ಒಮ್ಮೆ ಇಲ್ಲಿಯ ಒಬ್ಬ ದಲ್ಲಾಳಿ ಏಲಕ್ಕಿಗೆಂದು ಮುಂಗಡ ತಿಂದು ಮಾಲು ಕೊಡಲಿಲ್ಲ. (ಕೇಳಿದ ಕಥೆಯಂತಿದೆ ಅಲ್ಲವೇ!) ಏಡನ್‌ನ ನ್ಯಾಯ ಮಂಗಳೂರಿನಲ್ಲಿ ನಡೆಯದು. ಪಾಲುದಾರರು ಬೆನ್ ಯಿಜುಗೆ ಬರೆದ ಉಪಾಯ ಇಷ್ಟೇ: ಸಾಲ ತೀರಿಸದವನಿಗೆ ನಮ್ಮೂರಲ್ಲಿ ಛೀಮಾರಿ ಹಾಕುತ್ತೇವೆ ಎಂದು ಅವನನ್ನು ಹೆದರಿಸು. ಮರ್ಯಾದೆಗೆ ಅಂಜುವುದು ಎರಡೂ ದಡದಲ್ಲಿ ಒಂದೇ ಎಂಬುದು ಅವರ ಲೆಕ್ಕ.

ಈ ವ್ಯಾಪಾರದಲ್ಲಿ ಸಮುದ್ರ ದಾಟಿ ಓಡಾಡಿದವನು ಬೆನ್ ಯಿಜುವಿನ ಗುಲಾಮ. ಮಾಲು ತಲುಪಿಸುತ್ತಿದ್ದ, ಸಾಮಾನು ತರುತ್ತಿದ್ದ. ಏಡನ್‌ನಲ್ಲಿ ಕುಡಿದು ದುಡ್ಡಿಗೆ ಪೀಡಿಸಿದ ಎಂಬ ದೂರೂ ಪತ್ರದಲ್ಲಿದೆ. ಆಮೇಲಿನ ಪತ್ರಗಳಲ್ಲಿ ಅದೇ ಊರಿನ ಸಾಹುಕಾರರು ಅವನಿಗೆ ನಮಸ್ಕಾರ ಹೇಳಿಕಳಿಸಿದ್ದಾರೆ.

ದೇವರ ಹೆಸರಿರುವ ಕಾಗದ ಎಸೆಯಬಾರದೆಂದು ಯಹೂದಿಗಳು ಕೈರೋದ ಪ್ರಾರ್ಥನಾ ಮಂದಿರದಲ್ಲಿ ಹಳೆಯ ಕಾಗದ ಕೂಡಿಡುತ್ತಿದ್ದರು. ಈ ಪತ್ರಗಳು ಉಳಿದದ್ದು ಹಾಗೆ. ಅವುಗಳಲ್ಲಿ ಗುಲಾಮನ ಹೆಸರು ಬರೀ ವ್ಯಂಜನಗಳಲ್ಲಿದೆ: ಬ, ಮ. ಹೊರಗಿನ ವಿದ್ವಾಂಸರು ಅದನ್ನು 'ಬಾಮಾ' ಎಂದು ಓದಿದರು. ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಬಿ.ಎ. ವಿವೇಕ ರೈ ಅವರನ್ನು ಕೇಳಿದಾಗ ಅದು 'ಬೊಮ್ಮ' ಎಂದು ಗೊತ್ತಾಯಿತು. 1992ರಲ್ಲಿ ಬಂದ ಘೋಷ್ ಅವರ 'ಇನ್ ಆನ್ ಆಂಟೀಕ್ ಲ್ಯಾಂಡ್' ಪುಸ್ತಕದಲ್ಲಿ ಇದೆಲ್ಲ ಇದೆ. ನಮ್ಮ ಊರುಗಳಲ್ಲಿ ಯಾರಾದರೂ ಬೊಮ್ಮ, ಬೊಮ್ಮಯ್ಯ ಇದ್ದೇ ಇರುತ್ತಾರೆ; ಊರಿನವರನ್ನು ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು.

ಯಜಮಾನನ ಪತ್ರಗಳು ಸಿಕ್ಕಿವೆ, ಸಾಹುಕಾರರ ಪತ್ರಗಳು ಸಿಕ್ಕಿವೆ. ಬೊಮ್ಮ ಬರೆದದ್ದು ಒಂದು ಸಾಲೂ ಅಲ್ಲಿಲ್ಲ.