ಲಿನಕ್ಸ್ ಗಣಕಯಂತ್ರದಲ್ಲಿ ಹಾರ್ಡ್ ಡಿಸ್ಕ್ ದೋಷದ ಪರಿಶೀಲನೆ

ಕಡತ ತೆರೆಯಲು ಅಸಾಧಾರಣ ವಿಳಂಬ, ಡಿಸ್ಕಿನಿಂದ ಟಕಟಕ ಶಬ್ದ, ಕಡತಗಳು ಇದ್ದಕ್ಕಿದ್ದಂತೆ ‘ಓದಲು ಮಾತ್ರ’ ಸ್ಥಿತಿಗೆ ಬದಲಾಗುವುದು ಇವು ಹಾರ್ಡ್ ಡಿಸ್ಕ್ ದೋಷದ ಲಕ್ಷಣಗಳಾಗಿರಬಹುದು. ಇಂತಹ ಸಂದರ್ಭದಲ್ಲಿ ಯಾವುದೇ ಪರೀಕ್ಷೆಗೆ ಮುನ್ನ ಪ್ರಮಾಣಪತ್ರ, ಅರ್ಜಿಯ ಸ್ವೀಕೃತಿ ಮುಂತಾದ ದಾಖಲೆಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳತಕ್ಕದ್ದು. ಪರೀಕ್ಷೆಯ ಹೊರೆಯಿಂದಲೇ ದುರ್ಬಲ ಡಿಸ್ಕ್ ಸ್ಥಗಿತಗೊಳ್ಳುವ ಸಂಭವವುಂಟು.

ಡಿಸ್ಕಿನೊಳಗೇ ಇರುವ ‘ಸ್ಮಾರ್ಟ್’ ಎಂಬ ಸ್ವಯಂ ನಿಗಾ ವ್ಯವಸ್ಥೆಯ ವರದಿಯನ್ನು ‘ಸ್ಮಾರ್ಟ್‌ಮಾನ್‌ಟೂಲ್ಸ್’ ಎಂಬ ಉಚಿತ ತಂತ್ರಾಂಶದಿಂದ ಪಡೆಯಬಹುದು. ವರದಿಯಲ್ಲಿ ‘ಪಾಸ್ಡ್’ ಎಂದು ನಮೂದಾದ ಮಾತ್ರಕ್ಕೆ ಡಿಸ್ಕ್ ಸುಸ್ಥಿತಿಯಲ್ಲಿದೆಯೆಂದು ಭಾವಿಸತಕ್ಕದ್ದಲ್ಲ. ಕೆಡುತ್ತಿರುವ ಡಿಸ್ಕಿಗೂ ಈ ಷರಾ ದೊರೆಯುವುದುಂಟು. ಸಾಟಾ ಡಿಸ್ಕಿನಲ್ಲಿ ಗಮನಿಸಬೇಕಾದುದು ಕೋಷ್ಟಕದ ಕೊನೆಯ ಅಂಕಣದ ಸಂಖ್ಯೆಗಳನ್ನು. ಕ್ರಮಸಂಖ್ಯೆ 5 ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರುಗಳನ್ನೂ, 197 ಓದಲಾಗದೆ ಬಾಕಿ ಉಳಿದವುಗಳನ್ನೂ, 198 ಸರಿಪಡಿಸಲಾಗದವುಗಳನ್ನೂ ಸೂಚಿಸುತ್ತವೆ. ಇವು ದಿನೇ ದಿನೇ ಹೆಚ್ಚುತ್ತಿದ್ದಲ್ಲಿ ಡಿಸ್ಕನ್ನು ಬದಲಾಯಿಸುವುದೇ ಸೂಕ್ತ.

ಕ್ರಮಸಂಖ್ಯೆ 199 ಮಾತ್ರ ಏರುತ್ತಿದ್ದಲ್ಲಿ ದೋಷವು ಸಾಮಾನ್ಯವಾಗಿ ಕೇಬಲ್ಲಿನದಾಗಿರುತ್ತದೆ. ಹೊಸ ಡಿಸ್ಕಿನ ವೆಚ್ಚಕ್ಕೆ ಮುನ್ನ ಕೇಬಲ್ ಬದಲಿಸಿ ನೋಡತಕ್ಕದ್ದು. ಹಳೆಯ ಸಂಖ್ಯೆ ಇಳಿಯುವುದಿಲ್ಲ; ಏರಿಕೆ ನಿಂತರೆ ಸಾಕು.

ಸಂದೇಹ ಉಳಿದಲ್ಲಿ, ಇದೇ ತಂತ್ರಾಂಶದ ದೀರ್ಘ ಸ್ವಯಂಪರೀಕ್ಷೆಯನ್ನು ನಡೆಸಬಹುದು. ಇದಕ್ಕೆ ಹಲವು ಗಂಟೆಗಳು ಬೇಕಾಗುತ್ತವೆ, ದತ್ತಾಂಶ ಅಳಿಯುವುದಿಲ್ಲ. ಆದರೆ ‘ಬ್ಯಾಡ್‌ಬ್ಲಾಕ್ಸ್’ ತಂತ್ರಾಂಶದ ಬರಹ ಪರೀಕ್ಷೆಯು, ದತ್ತಾಂಶ ಉಳಿಸುವ ವಿಧಾನವನ್ನು ಆಯ್ದುಕೊಳ್ಳದಿದ್ದಲ್ಲಿ, ಡಿಸ್ಕಿನಲ್ಲಿರುವುದೆಲ್ಲವನ್ನೂ ಅಳಿಸಿಹಾಕುತ್ತದೆ. ‘ಎಫ್‌ಎಸ್‌ಸಿಕೆ’ಯು ಕಡತ ವ್ಯವಸ್ಥೆಯನ್ನಷ್ಟೇ ಸರಿಪಡಿಸುವುದರಿಂದ, ನಕಲು ಪಡೆಯುವವರೆಗೆ ದೋಷಯುಕ್ತ ಡಿಸ್ಕಿನ ಮೇಲೆ ಅದನ್ನು ಚಲಾಯಿಸಬಾರದು.